ಪಕ್ಕದ ಮೇಜು

ಮನುಷ್ಯನು ತಾನಾಗಿ ಆರಿಸಿಕೊಳ್ಳುವ ಸಂಬಂಧಗಳು ಕೆಲವು. ಕೇಳದೆಯೇ ಬಂದೊದಗುವ ಸಂಬಂಧಗಳು ಹಲವು. ಸ್ನೇಹಿತನನ್ನು ಮನಸ್ಸು ಆರಿಸುತ್ತದೆ. ಬೀಗರನ್ನು ಹಿರಿಯರು ಹುಡುಕುತ್ತಾರೆ. ನೆರೆಮನೆಯವರನ್ನು ಊರು ಕೊಡುತ್ತದೆ. ಕಚೇರಿಯಲ್ಲಿ ಪಕ್ಕದ ಮೇಜಿಗೆ ಬಂದು ಕುಳಿತುಕೊಳ್ಳುವವರನ್ನು ಕಳುಹಿಸುವುದು ಮೇಲಿನಿಂದ ಬಂದ ಒಂದು ಆದೇಶದ ಹಾಳೆ. ಆ ಹಾಳೆಯಲ್ಲಿ ಅವರ ಹೆಸರು, ಹುದ್ದೆ, ವೇತನಶ್ರೇಣಿ ಎಲ್ಲವೂ ಇರುತ್ತವೆ. ಸ್ವಭಾವದ ಉಲ್ಲೇಖ ಇರುವುದಿಲ್ಲ. ಹೀಗೆ ಅಪರಿಚಿತರಾಗಿ ಬಂದವರ ಜೊತೆಯಲ್ಲಿ ದಿನಕ್ಕೆ 7 ಗಂಟೆ, ವರ್ಷಕ್ಕೆ 240 ದಿನ, ಒಟ್ಟು 30 ವರ್ಷದ ಸೇವೆ ಎಂದು ಲೆಕ್ಕ ಹಾಕಿದರೆ 50,000 ಗಂಟೆಗಳನ್ನು ಮೀರುತ್ತದೆ. ಹೆಂಡತಿ ಮಕ್ಕಳೊಡನೆ ಸಾವಧಾನವಾಗಿ ಕುಳಿತು ಮಾತನಾಡುವ ಕಾಲ ಇದರ ಅರ್ಧದಷ್ಟಾದರೂ ಆದೀತೋ ಇಲ್ಲವೋ. ಆದರೂ ಗೃಹಸ್ಥಧರ್ಮವನ್ನು ಕುರಿತು ಬೇಕಾದಷ್ಟು ಗ್ರಂಥಗಳುಂಟು. ಪಕ್ಕದ ಮೇಜಿನ ಧರ್ಮವನ್ನು ಕುರಿತು ಹೇಳಿದವರು ವಿರಳ.

ಸಹೋದ್ಯೋಗಿಯ ಕಾಟವೆಂಬುದು ಹಲವು ರೂಪಗಳಲ್ಲಿ ಬರುತ್ತದೆ. ಕೆಲಸವನ್ನೇ ಮಾಡದೆ, ಮಾಡುವವನ ಮೇಜಿಗೆ ತನ್ನ ಕಡತಗಳನ್ನು ಮೆಲ್ಲನೆ ದಾಟಿಸುವವನು ಒಬ್ಬ. ಇನ್ನೊಬ್ಬರು ರಾತ್ರಿಯೆಲ್ಲ ಕುಳಿತು ಸಿದ್ಧಪಡಿಸಿದ ತಃಖ್ತೆಯನ್ನು ಬೆಳಿಗ್ಗೆ ತನ್ನದೆಂಬಂತೆ ಸಾಹೇಬರ ಮುಂದೆ ಹಿಡಿಯುವವನು ಮತ್ತೊಬ್ಬ. ಸಾರ್ವಜನಿಕರೆದುರಿನಲ್ಲಿಯೇ ಸಿಡುಕಿ ಜೊತೆಗಾರನ ಮಾನ ಕಳೆಯುವವನು ಮೂರನೆಯವನು. ಆದರೆ ಇವರೆಲ್ಲರ ಕಾಟ ಕಣ್ಣಿಗೆ ಕಾಣುವಂಥದು. ಕಾಣದಂತೆ ಕೊರೆಯುವವನು ಚಾಡಿಕೋರ. ಎದುರಿಗೆ ನಗುತ್ತಾನೆ, ಕಾಫಿಗೆ ಕರೆಯುತ್ತಾನೆ, ಮನೆಯ ಕಷ್ಟಸುಖ ವಿಚಾರಿಸುತ್ತಾನೆ; ಸಂಜೆ ಅದೇ ಕಷ್ಟಸುಖ ಮೇಲಧಿಕಾರಿಯ ಕಿವಿಯಲ್ಲಿ ಬೇರೊಂದು ಬಣ್ಣ ತಳೆದು ಕುಳಿತಿರುತ್ತದೆ. ಇಂಥವನಿಗೆ ಕನ್ನಡ ನಾಡು ಎಂದೋ ಒಂದು ಹೆಸರಿಟ್ಟಿದೆ. ಅದು ಕೊಂಡಿ ಮಂಚಣ್ಣ.

ಈ ಹೆಸರು ಗಾದೆಯಾಗಿ ಉಳಿದಿರುವುದು ಆಕಸ್ಮಿಕವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಭಕ್ತರು ಅನುಭವಮಂಟಪದ ಮೂಲಕ ನೆನೆಯುತ್ತಾರೆ. ಅದು ಸಹಜವೂ ಹೌದು. ಆದರೆ ಬಸವಣ್ಣನವರು ಹಗಲಿನ ಹೆಚ್ಚು ಹೊತ್ತನ್ನು ಕಳೆಯಬೇಕಾಗಿದ್ದುದು ಬಿಜ್ಜಳನ ಭಂಡಾರದಲ್ಲಿ, ಎಂದರೆ ಒಂದು ಕಚೇರಿಯಲ್ಲಿ. ಅಲ್ಲಿ ಲೆಕ್ಕ ಬರೆಯುವ ಕರಣಿಕರಿದ್ದರು, ಕಣಜದ ಧಾನ್ಯವನ್ನು ಅಳೆಯಿಸಿ ಬರೆದಿಡುವ ಸೊಡ್ಡಳ ಬಾಚರಸರಂಥ ಶರಣರಿದ್ದರು, ಅಸೂಯಾಪರರೂ ಇದ್ದರು. ಮಂಗಳವಾಡದಲ್ಲಿ ಲೆಕ್ಕದೊಳಗಿನ ತಪ್ಪೊಂದನ್ನು ತೋರಿಸಿಕೊಟ್ಟು ಬಸವಣ್ಣನವರು ಉದ್ಯೋಗಕ್ಕೆ ಸೇರಿದರೆಂದು ಹರಿಹರನ ಬಸವರಾಜದೇವರ ರಗಳೆ ಹೇಳುತ್ತದೆ. ಕಚೇರಿಯ ಬಾಳನ್ನು ಬಲ್ಲವರಿಗೆ ಈ ಒಂದು ಸಂಗತಿಯಿಂದಲೇ ಮುಂದಿನದೆಲ್ಲ ಅರ್ಥವಾಗುತ್ತದೆ. ಬಂದ ದಿನವೇ ಹಳಬರ ತಪ್ಪನ್ನು ಹಿಡಿದ ಹೊಸಬನನ್ನು ಹಳಬರು ಎಂದಿಗೂ ಮರೆಯುವುದಿಲ್ಲ. ಮುಂದೆ ಅವರು ಭಂಡಾರಿಗಳಾದಾಗ ಚಾಡಿ ಮೊಳೆಯಿತು. ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂಬ ದೂರು ಬಿಜ್ಜಳನ ಕಿವಿಗೆ ಬಿತ್ತು.

ಆಗ ಬಸವಣ್ಣನವರು ನಡೆದುಕೊಂಡ ರೀತಿ ಗಮನಿಸತಕ್ಕದ್ದು. ಅವರು ದೂರಿದವರ ಮೇಲೆ ಮರುದೂರು ಕೊಡಲಿಲ್ಲ. ದೊರೆಯ ಬಳಿಗೆ ತಮ್ಮ ಪಕ್ಷದವರನ್ನು ಕಟ್ಟಿಕೊಂಡು ಹೋಗಲಿಲ್ಲ. ಭಂಡಾರದ ಬಾಗಿಲನ್ನು ತೆರೆಯಿಸಿ ಲೆಕ್ಕವನ್ನು ಎದುರಿಗೇ ಎಣಿಸಲು ಬಿಟ್ಟರು. ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣಪರಂಪರೆ ಸಾರುತ್ತದೆ. ಅದನ್ನು ಪವಾಡವೆಂದು ಕೈಮುಗಿಯುವವರು ಮುಗಿಯಲಿ. ಉದ್ಯೋಗಸ್ಥನು ಅದರಿಂದ ಕಲಿಯಬೇಕಾದ ಪಾಠ ಬೇರೆಯೂ ಉಂಟು. ಚಾಡಿಗೆ ಮಾತಿನಿಂದ ಉತ್ತರ ಕೊಟ್ಟರೆ ಅದು ಇನ್ನೊಂದು ಚಾಡಿಯಾಗುತ್ತದೆ. ಚಾಡಿಗೆ ಸಮರ್ಪಕವಾದ ಉತ್ತರ ತೆರೆದ ಲೆಕ್ಕದ ಪುಸ್ತಕ.

ಶರಣರ ಕಥೆಗಳಲ್ಲಿಯೇ ಚಾಡಿಗೆ ತೀರ ವಿರುದ್ಧವಾದ ನಡೆಯೂ ಒಂದುಂಟು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಆ ಮಾತನ್ನು ಬಸವಣ್ಣನವರ ಮಹಾಮನೆಗೆ ಒಯ್ಯಲಿಲ್ಲ, ನೆರೆಯ ಹೆಂಗಸರೊಡನೆ ಆಡಿಕೊಳ್ಳಲಿಲ್ಲ. ಮಾರಯ್ಯನವರಿಗೇ, ಅವರ ಎದುರಿನಲ್ಲಿಯೇ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ತಪ್ಪನ್ನು ಯಾರು ಮಾಡಿದರೋ ಅವರಿಗೇ ಹೇಳುವುದು ತಿದ್ದುವಿಕೆ. ಉಳಿದವರಿಗೆಲ್ಲ ಹೇಳಿ ಅವರೊಬ್ಬರಿಗೆ ಹೇಳದಿರುವುದು ಕೊಂಡೆ. ಮಾತು ಅದೇ ಇರಬಹುದು. ಅದು ಹೋಗಿ ಸೇರುವ ವಿಳಾಸದ ಮೇಲೆ ಅದರ ಧರ್ಮ ನಿಂತಿದೆ.

ಕಚೇರಿಯ ಸಹವಾಸ ಹಿತವಾಗದಿದ್ದರೆ ಬಿಟ್ಟು ಹೊರಟುಹೋಗುವ ದಾರಿಯೂ ಇಲ್ಲದಿಲ್ಲ. ಹಾಸನ ಜಿಲ್ಲೆಯ ಹಳೇಬೀಡೇ ಅಂದಿನ ದೋರಸಮುದ್ರ. ಬಸವಣ್ಣನವರ ಕಥೆಯನ್ನು ರಗಳೆಯಲ್ಲಿ ಹಾಡಿದ ಹರಿಹರನು ಅಲ್ಲಿಯ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದು, ಆ ಉದ್ಯೋಗವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಹೋದನೆಂಬ ಐತಿಹ್ಯವುಂಟು. ಕಡತದ ಮುಂದೆ ಕುಳಿತವನ ಸಂಕಟವನ್ನು ಬಲ್ಲವನಾದುದರಿಂದಲೇ ಅವನು ಬಿಜ್ಜಳನ ಭಂಡಾರವನ್ನು ಅಷ್ಟು ಜೀವಂತವಾಗಿ ಚಿತ್ರಿಸಿರಬಹುದು. ಸಮೀಪದ ಕಾಲಕ್ಕೆ ಬಂದರೆ, ಮೈಸೂರು ಸಂಸ್ಥಾನದ ಉನ್ನತ ಹುದ್ದೆಯಲ್ಲಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ತಮ್ಮನ್ನು ಬಿಟ್ಟು ಕಿರಿಯರಿಗೆ ಬಡ್ತಿ ದೊರೆತಾಗ 1940ರ ದಶಕದಲ್ಲಿ ರಾಜೀನಾಮೆಯಿತ್ತು ಹೊರಬಂದರು. ಉಳಿದ ಆಯುಷ್ಯವನ್ನು ಸಾಹಿತ್ಯಕ್ಕೆ ಕೊಟ್ಟು 1983ರಲ್ಲಿ ಜ್ಞಾನಪೀಠ ಪ್ರಶಸ್ತಿಯ ಗೌರವಕ್ಕೆ ಪಾತ್ರರಾದರು. ಆದರೆ ಬಿಟ್ಟು ಹೋಗಲು ಹಂಪೆಯೊಂದು ಇರಬೇಕು, ಅಥವಾ ಲೇಖನಿಯೊಂದು ಇರಬೇಕು. ಮನೆಯ ಬಾಡಿಗೆ, ತಂಗಿಯ ಮದುವೆ, ಮಗನ ಕಾಲೇಜು ಶುಲ್ಕ ಇವುಗಳ ನಡುವೆ ತಿಂಗಳ ಮೊದಲ ದಿನಕ್ಕಾಗಿ ಕಾಯುವ ಗುಮಾಸ್ತನಿಗೆ ಆ ದಾರಿ ತೆರೆದಿರುವುದಿಲ್ಲ. ಅವನು ಅಲ್ಲಿಯೇ ಕುಳಿತು ದಾರಿ ಕಾಣಬೇಕು.

ಹಾಗೆ ಕುಳಿತು ದಾರಿ ಕಂಡವರಲ್ಲಿ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಬೆಳೆದ ಗುಮಾಸ್ತರೊಬ್ಬರು ಸ್ಮರಣೀಯರು. ಅವರ ಸೇವೆಯೆಲ್ಲ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ನಡುವೆಯೇ ಕಳೆಯಿತು. ಜಿಲ್ಲಾಕೇಂದ್ರದಿಂದ ಉಳಿದ ಮೂರೂ ಊರುಗಳಿಗೆ ಒಂದು ಗಂಟೆಯ ಬಸ್ಸಿನ ದಾರಿ. ಆದರೆ ಒಂದೊಂದರ ಬಾಳೂ ಬೇರೆ. ಹೊಳೆನರಸೀಪುರ ಹೇಮಾವತಿಯ ದಡದ ಊರು. ಅರಕಲಗೂಡಿನ ಸೀಮೆಯಲ್ಲಿ ಕಾವೇರಿ ಹರಿಯುತ್ತದೆ; ಕೊಣನೂರಿನ ಕಡೆಗೆ ಹೊಗೆಸೊಪ್ಪಿನ ಬೆಳೆ, ರಾಮನಾಥಪುರದಲ್ಲಿ ನದೀತೀರದ ಕ್ಷೇತ್ರ. ಚನ್ನರಾಯಪಟ್ಟಣದ ಕಡೆ ಕೆರೆಗಳು, ತೆಂಗಿನ ತೋಟಗಳು, ಶ್ರವಣಬೆಳಗೊಳದ ಯಾತ್ರಿಕರು. ಊರು ಬದಲಾದಂತೆ ಕಚೇರಿಗೆ ಬರುವ ಜನ ಬದಲಾದರು, ಅವರ ಅರ್ಜಿಗಳ ವಿಷಯ ಬದಲಾಯಿತು. ಪಕ್ಕದ ಮೇಜಿನ ಸಮಸ್ಯೆ ಮಾತ್ರ ಎಲ್ಲಿಯೂ ಬದಲಾಗಲಿಲ್ಲ. ಒಬ್ಬರ ಕಾಟ ತಾಳದೆ ವರ್ಗಾವಣೆ ಕೇಳಿ ಹೋದವರಿಗೆ ಹೊಸ ಊರಿನಲ್ಲಿ ಅದೇ ಸ್ವಭಾವ ಬೇರೊಂದು ಹೆಸರಿನಿಂದ ಕಾದಿರುತ್ತದೆ ಎಂದು ಅವರು ಕಿರಿಯರಿಗೆ ಹೇಳುತ್ತಿದ್ದುದುಂಟು.

ಅವರ ಸೇವೆಯ ಮೊದಲ ವರ್ಷಗಳು ಭೂಸುಧಾರಣೆಯ ವರ್ಷಗಳಾಗಿದ್ದವು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವರು ಅಧಿಭೋಗದ ಹಕ್ಕು ಕೋರಿ ನಮೂನೆ 7ರಲ್ಲಿ ಅರ್ಜಿ ಹಾಕಿಕೊಳ್ಳಬೇಕಾಗಿತ್ತು. ಅದರ ಕಡೆಯ ಗಡುವು 1979ರ ಜೂನ್ 30. ತಾಲ್ಲೂಕು ತಾಲ್ಲೂಕಿಗೂ ಭೂನ್ಯಾಯಮಂಡಳಿ ಕುಳಿತಿತು. ಆರಂಭದ ವರ್ಷಗಳಲ್ಲಿ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಓದು ಬರಹವರಿಯದ ಗೇಣಿದಾರನ ಪರವಾಗಿ ಮಾತನಾಡಬೇಕಾದುದು ಹಳೆಯ ಪಹಣಿಯ ಸಾಗುವಳಿ ಕಾಲಮ್ಮು ಒಂದೇ. ಆ ಪಹಣಿ ಇರುತ್ತಿದ್ದುದು ಕೆಂಪು ಬಟ್ಟೆಯ ಕಟ್ಟುಗಳಲ್ಲಿ, ರೆಕಾರ್ಡು ಕೋಣೆಯ ಕತ್ತಲೆಯಲ್ಲಿ.

ನಾಲ್ಕು ಊರುಗಳಲ್ಲಿ ಇದು ಯಾವ ಊರಿನ ಕಚೇರಿಯೆಂದು ಹೇಳುವುದು ಅನಗತ್ಯ. ಗುಮಾಸ್ತರು ಮಂಡಳಿಯ ಶಾಖೆಯಲ್ಲಿದ್ದರು. ರೆಕಾರ್ಡು ಕೋಣೆಯ ಬೀಗದ ಕೈ ಹಿರಿಯರೊಬ್ಬರ ಸೊಂಟದಲ್ಲಿತ್ತು. ಈ ಹಿರಿಯರು ಕಚೇರಿಗೆಲ್ಲ ಕಠಿಣರೆಂದು ಹೆಸರಾದವರು. ದಾಖಲೆ ಬೇಕೆಂದು ಕಳುಹಿಸಿದ ಚೀಟಿಯಲ್ಲಿ ಸರ್ವೆ ನಂಬರಿನ ಹಿಸ್ಸೆ ನಮೂದಾಗದಿದ್ದರೆ ಚೀಟಿ ಹಿಂದಕ್ಕೆ ಬರುತ್ತಿತ್ತು. ಹಿಸ್ಸೆ ಬರೆದು ವರ್ಷ ಬರೆಯದಿದ್ದರೆ ಮತ್ತೆ ಬರುತ್ತಿತ್ತು. ಎರಡೂ ಬರೆದರೆ ಉದ್ದೇಶ ತಿಳಿಸಿಲ್ಲವೆಂಬ ಷರಾದೊಡನೆ ಮೂರನೆಯ ಸಾರಿ ಬರುತ್ತಿತ್ತು. ಗುಮಾಸ್ತರೂ ಚೀಟಿಯ ಪ್ರತಿಯನ್ನು ತಮ್ಮ ಕಡತಕ್ಕೆ ಸೇರಿಸಿ, ದಾಖಲೆ ಬಂದಿಲ್ಲವೆಂದು ಬರೆದು ವಿಚಾರಣೆಯನ್ನು ಮುಂದಕ್ಕೆ ಹಾಕಿಸುತ್ತಿದ್ದರು. ಇಬ್ಬರ ಕಾಗದಗಳೂ ನಿಯಮಬದ್ಧವಾಗಿದ್ದವು. ಯಾವ ಮೇಲಧಿಕಾರಿ ಬಂದು ತನಿಖೆ ಮಾಡಿದರೂ ಒಬ್ಬರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ.

ಇದರ ನಡುವೆ ಸಿಕ್ಕಿಕೊಂಡವಳು ಹೊಳೆಯಾಚೆಯ ಹಳ್ಳಿಯ ಒಬ್ಬ ವಿಧವೆ. ಗಂಡ ಗೇಣಿಗೆ ಉಳುತ್ತಿದ್ದ ಒಂದೂವರೆ ಎಕರೆ ಗದ್ದೆಗಾಗಿ ಅವಳು ಅರ್ಜಿ ಹಾಕಿದ್ದಳು. ಮೂರು ಸಲ ವಿಚಾರಣೆಗೆ ಬಂದಳು. ಮೂರು ಸಲವೂ ದಾಖಲೆಯಿಲ್ಲದೆ ದಿನಾಂಕ ಮುಂದಕ್ಕೆ ಹೋಯಿತು. ಪ್ರತಿ ಸಲವೂ ಅವಳಿಗೆ ಒಂದು ದಿನದ ಕೂಲಿ, ಬಸ್ಸಿನ ಹಣ, ಸೆರಗಿನಲ್ಲಿ ಕಟ್ಟಿತಂದ ರೊಟ್ಟಿ ಇಷ್ಟು ಖರ್ಚಾಗುತ್ತಿತ್ತು. ಮೂರನೆಯ ಸಲ ಅವಳು ಕಚೇರಿಯ ಪಡಸಾಲೆಯಲ್ಲಿ ನಿಂತು, ಅತ್ತ ರೆಕಾರ್ಡು ಕೋಣೆಯನ್ನೂ ಇತ್ತ ಗುಮಾಸ್ತರ ಮೇಜನ್ನೂ ನೋಡಿ, "ಬುದ್ಧೀ, ನಿಮ್ಮಿಬ್ರ ಜಗಳಕ್ಕೆ ನನ್ನ ಗದ್ದೆ ಯಾಕೆ ಒಣಗ್ಬೇಕು?" ಎಂದಳು. ಕಚೇರಿಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಒಂದು ಗಟ್ಟಿ ಮಾತನ್ನೂ ಆಡಿದವರಲ್ಲ. ಆದರೂ ಹೊರಗೆ ನಿಂತವಳಿಗೆ ಅದು ಜಗಳವೆಂದು ಕಂಡಿತ್ತು. ಮೇಜಿನ ಹಿಂದೆ ಕುಳಿತವರಿಗೆ ಕಾಣದುದು ಮೇಜಿನ ಮುಂದೆ ನಿಂತವರಿಗೆ ಕಾಣುತ್ತದೆ.

ಆಗ ಗುಮಾಸ್ತರಿಗೆ ಹಿತೈಷಿಗಳು ಕೊಟ್ಟ ಸಲಹೆಗಳು ಎಲ್ಲ ಕಚೇರಿಗಳಲ್ಲಿಯೂ ಕೇಳಿಬರುವಂಥವೇ. ಶಾಸಕರಿಗೆ ಹೇಳಿಸಿ ಆತನನ್ನು ಬೇರೆ ಊರಿಗೆ ಎತ್ತಿಸಿಬಿಡಿ ಎಂದರು ಒಬ್ಬರು. ಒಂದು ಮೂಗರ್ಜಿ ಹೋಗಲಿ, ತಾನಾಗಿ ಬಗ್ಗುತ್ತಾನೆ ಎಂದರು ಇನ್ನೊಬ್ಬರು. ಆತನ ರಜೆಯ ಅರ್ಜಿ ನಿಮ್ಮ ಮೇಜಿಗೂ ಒಂದು ದಿನ ಬಂದೇ ಬರುತ್ತದೆ, ಆಗ ನೋಡಿಕೊಳ್ಳಿ ಎಂದು ನಕ್ಕರು ಮತ್ತೊಬ್ಬರು. ಶಿರಸ್ತೇದಾರರು ಮಾತ್ರ ಒಂದು ಪ್ರಶ್ನೆ ಕೇಳಿದರು: "ಆತನ ಕೋಣೆಗೆ ನೀವೇ ಎಂದಾದರೂ ಹೋಗಿದ್ದೀರಾ, ಅಥವಾ ಚೀಟಿ ಮಾತ್ರ ಹೋಗುತ್ತದೆಯೋ?" ಆ ವರೆಗೆ ಚೀಟಿಯನ್ನು ಜವಾನನೇ ಒಯ್ಯುತ್ತಿದ್ದನು.

ಅಂದು ಸಂಜೆ ಕಚೇರಿ ಬರಿದಾದ ಮೇಲೆ ಗುಮಾಸ್ತರು ರೆಕಾರ್ಡು ಕೋಣೆಯ ಬಾಗಿಲಿಗೆ ಹೋಗಿ ನಿಂತರು.

"ಸಾರ್, ನನ್ನ ಚೀಟಿ ಹೇಗಿರಬೇಕೆಂದು ನೀವೇ ಒಂದು ಬರೆದುಕೊಟ್ಟರೆ ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ."

"ನೀವು ಹೇಗೆ ಬರೆದರೆ ನನಗೇನು? ದಾಖಲೆ ಕಳೆದರೆ ನಿಮ್ಮ ಸಂಬಳ ಹೋಗುತ್ತದೆಯೇ?"

"ಹೋಗುವುದಿಲ್ಲ. ನಿಮ್ಮದು ಹೋಗುತ್ತದೆಯೆಂಬುದು ನನಗೆ ತಿಳಿದಿರಲಿಲ್ಲ."

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೇಜಿನ ಖಾನೆಯಿಂದ ಹಳೆಯ ಆದೇಶವೊಂದನ್ನು ತೆಗೆದು ಮುಂದಿಟ್ಟರು. ಹಿಂದೊಮ್ಮೆ ಅವರ ಕೈಯಿಂದ ಹೋದ ದಾಖಲೆಯೊಂದು ಮರಳಿ ಬಂದಿರಲಿಲ್ಲ. ಪಡೆದವರು ಪಡೆದಿಲ್ಲವೆಂದರು, ರಸೀದಿ ಇರಲಿಲ್ಲ. ಒಂದು ವೇತನಬಡ್ತಿ ನಿಂತುಹೋಯಿತು. "ಅವತ್ತು ದಾಖಲೆ ಕೇಳಿಕೊಂಡು ಬಂದವರೂ ಹೀಗೆಯೇ ಬಾಗಿಲಲ್ಲಿ ನಿಂತು ಸಾರ್ ಎಂದಿದ್ದರು" ಎಂದರು ಅವರು.

ಅಂದಿನಿಂದ ಅವರಿಬ್ಬರೂ ಆಪ್ತಮಿತ್ರರಾದರೆಂದು ಬರೆದರೆ ಅದು ಕಥೆಯಾದೀತು. ನಡೆದುದು ಅಷ್ಟಲ್ಲ. ಒಂದು ಪುಸ್ತಕಕ್ಕೆ ಗೆರೆ ಹಾಕಲಾಯಿತು. ಸರ್ವೆ ನಂಬರು, ಹಿಸ್ಸೆ, ವರ್ಷ, ಉದ್ದೇಶ, ಕೊಟ್ಟ ದಿನ, ಪಡೆದವರ ಸಹಿ, ಮರಳಿಸಿದ ದಿನ, ಮರಳಿ ಪಡೆದವರ ಸಹಿ ಎಂಬ ಎಂಟು ಅಂಕಣಗಳು. ಚೀಟಿ ಹಿಡಿದು ಜವಾನ ಹೋಗುವುದು ನಿಂತು, ಪುಸ್ತಕ ಹಿಡಿದು ಗುಮಾಸ್ತರೇ ಹೋಗತೊಡಗಿದರು. ಹಿರಿಯರ ನಾಲಗೆಯ ಮೊನಚು ಕಡಿಮೆಯಾಗಲಿಲ್ಲ. ಅಕ್ಷರ ಕೆಟ್ಟದಾಗಿದೆಯೆಂದು ನಾಲ್ಕು ಜನರ ಮುಂದೆ ಆಡಿದ್ದೂ ಉಂಟು. ಗುಮಾಸ್ತರು ಅಕ್ಷರದ ಮಾತಿಗೆ ಉತ್ತರ ಕೊಡಲಿಲ್ಲ, ಆ ಮಾತನ್ನು ಬೇರೆಯವರ ಬಳಿ ಆಡಲೂ ಇಲ್ಲ. ದಾಖಲೆಗಳು ಬಂದವು. ವಿಧವೆಯ ಅರ್ಜಿ ನಾಲ್ಕನೆಯ ಸಲ ಮಂಡಳಿಯ ಮುಂದೆ ಬಂದಾಗ ಪಹಣಿ ಕಡತದಲ್ಲಿತ್ತು. ಕಾಲಕ್ರಮದಲ್ಲಿ ನಮೂನೆ 10ರ ಪ್ರಮಾಣಪತ್ರ ಅವಳ ಕೈ ಸೇರಿತು. ಮುಂದೆ ಗುಮಾಸ್ತರಿಗೆ ವರ್ಗವಾದಾಗ ಹಿರಿಯರು ಬೀಳ್ಕೊಡುಗೆಯ ಸಭೆಗೆ ಬರಲಿಲ್ಲ. ಆ ಪುಸ್ತಕವನ್ನು ತರಿಸಿಕೊಂಡು, ಕೊನೆಯ ಪುಟದಲ್ಲಿ 'ಬಾಕಿ ಏನೂ ಇಲ್ಲ' ಎಂದು ಷರಾ ಬರೆದು ಸಹಿ ಮಾಡಿ ಕಳುಹಿಸಿದರು. ಅಂದಿನ ಸಭೆಯ ಹಾರತುರಾಯಿಗಳೆಲ್ಲ ಬಾಡಿ ಹೋದವು. ಆ ಷರಾ ಮಾತ್ರ ಅವರ ನೆನಪಿನಲ್ಲಿ ಉಳಿಯಿತು.

ಕಠಿಣ ಸ್ವಭಾವದವರು ಬದಲಾಗುವುದೇ ಇಲ್ಲವೆಂದು ಹೇಳುವುದು ಸರಿಯಲ್ಲ. ಬದಲಾವಣೆಯ ವೇಗವನ್ನು ಕುರಿತು ಆಸೆಪಡಬಾರದು ಅಷ್ಟೆ. ಹಾಸನದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಶ್ವಯುಜ ಮಾಸದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಸೊಸೆಗಲ್ಲು ಎಂಬುದೊಂದುಂಟು. ಅತ್ತೆಯ ಕಾಟಕ್ಕೆ ಸಿಕ್ಕಿದ ಸೊಸೆಯೊಬ್ಬಳು ದೇವಿಯ ಸನ್ನಿಧಿಯಲ್ಲಿ ಕಲ್ಲಾದಳೆಂದೂ, ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಯೆಂದೂ ಜನರ ನಂಬಿಕೆ. ಮನುಷ್ಯರ ಸ್ವಭಾವವೂ ಸರಿಯುವುದಾದರೆ ಅದೇ ಪ್ರಮಾಣದಲ್ಲಿ ಸರಿಯುತ್ತದೆ. ಅಷ್ಟು ಸರಿದುದನ್ನು ಗುರುತಿಸುವ ಕಣ್ಣು ಜೊತೆಗಾರನಿಗೆ ಇರಬೇಕು. ಗುರುತಿಸದಿದ್ದರೆ ಇದ್ದ ಕಡೆಯೇ ಇದೆಯೆಂದು ನಿರಾಶೆಯಾಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಿಡುಕು ಬೇರೆ, ಅನ್ಯಾಯ ಬೇರೆ. ಮುಂಗೋಪಿಯನ್ನು ಸಹಿಸುವುದು ಸೌಜನ್ಯ. ಅಪರಾಧವನ್ನು ಸಹಿಸುವುದು ಸೌಜನ್ಯವಲ್ಲ. ಜೊತೆಗಾರನು ಲಂಚ ಮುಟ್ಟುವುದನ್ನು ಕಂಡೂ ಕಾಣದಂತಿರುವುದು, ದಲಿತ ಸಹೋದ್ಯೋಗಿಯನ್ನು ಜಾತಿ ಹಿಡಿದು ಹೀಯಾಳಿಸುವಾಗ ತಲೆ ತಗ್ಗಿಸಿ ಕೆಲಸ ಮುಂದುವರಿಸುವುದು, ಮಹಿಳಾ ಉದ್ಯೋಗಿಯ ಮಾನಕ್ಕೆ ಚ್ಯುತಿ ತರುವ ನಡೆಯನ್ನು ಹಾಸ್ಯವೆಂದು ತೇಲಿಸುವುದು ಇವೆಲ್ಲ ಶರಣರ ಹೆಸರು ಹೇಳುವವರಿಗೆ ಒಪ್ಪುವಂಥವಲ್ಲ. ಇಂಥವಕ್ಕೆ ಕಾನೂನು ದಾರಿ ಮಾಡಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳವರ ಮೇಲಿನ ದೌರ್ಜನ್ಯವನ್ನು ತಡೆಯುವ ಕಾಯಿದೆ 1989ರಲ್ಲಿ ಬಂತು. ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ಕುರಿತ 2013ರ ಕಾಯಿದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಬೇಕು. ಶಾಲೆ ಕಾಲೇಜುಗಳೂ ಇದಕ್ಕೆ ಹೊರತಲ್ಲ. ರಾಜ್ಯದ ನೌಕರರಿಗೆ 1966ರ ನಡತೆ ನಿಯಮಗಳಿದ್ದವು. 2021ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದಿವೆ. ಇಂಥ ಸಂದರ್ಭದಲ್ಲಿ ದೂರು ಕೊಡುವುದು ಕೊಂಡೆಯಲ್ಲ, ಕರ್ತವ್ಯ.

ಹಾಗಾದರೆ ದೂರಿಗೂ ಕೊಂಡೆಗೂ ವ್ಯತ್ಯಾಸವೇನು? ದೂರಿಗೆ ಸಹಿ ಇರುತ್ತದೆ. ದಿನಾಂಕ, ಸಂಗತಿ, ಸಾಕ್ಷಿ ಇವುಗಳ ಕೆಳಗೆ ತನ್ನ ಹೆಸರು ಬರೆದು, ಪ್ರಶ್ನಿಸಿದರೆ ಉತ್ತರ ಹೇಳಲು ನಿಲ್ಲುವವನು ದೂರುದಾರ. ಹೆಸರಿಲ್ಲದೆ ಬರೆದು ಅಂಚೆ ಪೆಟ್ಟಿಗೆಗೆ ಹಾಕಿ ತಮಾಷೆ ನೋಡುವವನು ಮಂಚಣ್ಣನ ವಂಶದವನು. ಕೇಂದ್ರ ಜಾಗೃತ ಆಯೋಗವು 1999ರಲ್ಲಿಯೇ ಹೆಸರಿಲ್ಲದ ಅರ್ಜಿಗಳ ಮೇಲೆ ಕ್ರಮ ಕೈಗೊಳ್ಳಬಾರದೆಂದು ಸೂಚನೆಯಿತ್ತುದಕ್ಕೆ ಕಾರಣವೂ ಇದೇ. ಮೂಗರ್ಜಿಯ ಭಯಕ್ಕೆ ಪ್ರಾಮಾಣಿಕರ ಲೇಖನಿಯೂ ನಡುಗತೊಡಗುತ್ತದೆ. ಇದರಲ್ಲಿ ಮೇಲಿನವರ ಪಾಲೂ ಸಣ್ಣದಲ್ಲ. ಕೇಳುವ ಕಿವಿಯಿಲ್ಲದೆ ಚಾಡಿ ಹೇಳುವ ಬಾಯಿಗೆ ಬಲವಿಲ್ಲ. ಮಂಚಣ್ಣನೊಬ್ಬನನ್ನೇ ಬೈದು ಬಿಜ್ಜಳನ ಕಿವಿಯನ್ನು ಮರೆಯುವುದು ನ್ಯಾಯವಲ್ಲ. ಕಚೇರಿಯ ಮುಖ್ಯಸ್ಥರೂ ಶಾಲೆಯ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯವರೂ "ಆ ಮಾತನ್ನು ಅವರನ್ನೂ ಕರೆಸಿಕೊಂಡು ಕೇಳೋಣ" ಎಂಬ ಒಂದು ವಾಕ್ಯವನ್ನು ರೂಢಿ ಮಾಡಿಕೊಂಡರೆ ಅರ್ಧ ಚಾಡಿಗಳು ಬಾಗಿಲಿನಲ್ಲಿಯೇ ತಿರುಗಿ ಹೋಗುತ್ತವೆ.

ಕಾಲ ಈಗ ಬದಲಾಗಿದೆ. ಕೈಬರಹದ ಪಹಣಿ ಹೋಗಿ, ಈ ಶತಮಾನದ ಆರಂಭದಲ್ಲಿಯೇ ಭೂಮಿ ಯೋಜನೆಯಡಿ ಗಣಕಯಂತ್ರದ ಪಹಣಿ ಬಂತು. ಮೊದಲು ಬಂದ ಅರ್ಜಿಗೆ ಮೊದಲ ಸರದಿಯೆಂಬ ಕ್ರಮವನ್ನು ಯಂತ್ರವೇ ಕಾಯುತ್ತದೆ. 2011ರ ಸಕಾಲ ಕಾಯಿದೆಯ ಪ್ರಕಾರ ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಅರ್ಜಿದಾರನಿಗೆ ಪರಿಹಾರ ಸಲ್ಲಬೇಕು. ಇವೆಲ್ಲ ಸ್ವಾಗತಾರ್ಹ. ಆದರೆ ಯಂತ್ರ ಸರದಿಯನ್ನು ಕಾಯಬಲ್ಲುದೇ ಹೊರತು ಇಬ್ಬರ ಮನಸ್ಸಿನ ನಡುವಿನ ಬಾಗಿಲನ್ನು ತೆರೆಯಲಾರದು. ಹಿಂದೆ ಚೀಟಿಯ ಹಿಂದೆ ಅಡಗುತ್ತಿದ್ದವರು ಈಗ ಪರದೆಯ ಹಿಂದೆ ಅಡಗಬಹುದು. ಎದ್ದು ನಾಲ್ಕು ಹೆಜ್ಜೆ ನಡೆದು ಹೋಗಿ ಮಾತನಾಡುವ ಕೆಲಸವನ್ನು ಇಂದಿಗೂ ಮನುಷ್ಯನೇ ಮಾಡಬೇಕು.

ಶಾಲೆಯ ವಿಷಯದಲ್ಲಿ ಈ ಮಾತು ಮತ್ತಷ್ಟು ಸತ್ಯ. ಕಚೇರಿಯಲ್ಲಿ ಇಬ್ಬರ ಮುನಿಸಿಗೆ ಕಡತ ಕಾಯುತ್ತದೆ; ಶಾಲೆಯಲ್ಲಿ ಮಗು ಕಾಯುತ್ತದೆ. ಪರಸ್ಪರ ಮಾತು ಬಿಟ್ಟ ಇಬ್ಬರು ಅಧ್ಯಾಪಕರು ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಚೀಟಿ ಕಳುಹಿಸುವುದನ್ನು ಅನೇಕ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಬಲ್ಲರು. ಚೀಟಿ ಒಯ್ಯುವ ಹುಡುಗನಿಗೆ ಅದರಲ್ಲಿ ಏನು ಬರೆದಿದೆಯೆಂಬುದು ತಿಳಿಯದಿರಬಹುದು. ಏಕೆ ಬರೆದಿದೆಯೆಂಬುದು ಚೆನ್ನಾಗಿ ತಿಳಿದಿರುತ್ತದೆ. ಸಮತೆಯನ್ನು ಕುರಿತು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ ಪಾಠಕ್ಕಿಂತ, ಅಧ್ಯಾಪಕರ ಕೊಠಡಿಯಿಂದ ಅಧ್ಯಾಪಕರ ಕೊಠಡಿಗೆ ತಾನು ಒಯ್ದ ಚೀಟಿಯ ಪಾಠವೇ ಅವನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಮುಂದೆ ಅವನೂ ಒಂದು ಮೇಜಿನ ಹಿಂದೆ ಕುಳಿತಾಗ ಆ ಪಾಠವನ್ನೇ ಒಪ್ಪಿಸುತ್ತಾನೆ.

ಕಾಯಕವೆಂಬ ಮಾತನ್ನು ಶರಣರು ಬರಿಯ ದುಡಿಮೆಯ ಅರ್ಥದಲ್ಲಿ ಬಳಸಲಿಲ್ಲ. ದುಡಿಮೆಯ ಫಲ ಇನ್ನೊಬ್ಬರಿಗೆ ಸಲ್ಲಬೇಕು ಎಂಬ ದಾಸೋಹದ ಭಾವ ಅದರೊಡನೆ ಕೂಡಿಕೊಂಡಿದೆ. ಈ ದೃಷ್ಟಿಯಿಂದ ನೋಡಿದರೆ ಪಕ್ಕದ ಮೇಜಿನವರ ಗುಣದೋಷ ಎರಡನೆಯ ಪ್ರಶ್ನೆ. ಇಬ್ಬರ ಕಾಯಕವೂ ಯಾರಿಗೆ ಸಲ್ಲಬೇಕೋ ಅವರಿಗೆ ಸಂದಿತೇ ಎಂಬುದು ಮೊದಲ ಪ್ರಶ್ನೆ. ಮೊದಲ ಪ್ರಶ್ನೆಯನ್ನು ಕಣ್ಣ ಮುಂದಿಟ್ಟುಕೊಂಡವರಿಗೆ ಎರಡನೆಯದು ದುಸ್ತರವಾಗುವುದಿಲ್ಲ.

ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಇದರ ಮೊದಲ ಪಾಠ ಬಾಲ್ಯದಲ್ಲಿಯೇ ಆಗಿರುತ್ತದೆ. ಅಲ್ಲಿ ಪಕ್ಕದ ತಟ್ಟೆಯವನನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಬಂದ ಕ್ರಮದಲ್ಲಿ ಕುಳಿತುಕೊಳ್ಳುತ್ತಾರೆ. ಬೆಳಿಗ್ಗೆ ಜಗಳವಾಡಿದ ಹುಡುಗನೇ ಮಧ್ಯಾಹ್ನ ಮಗ್ಗುಲಿಗೆ ಬಂದು ಕೂರುವುದುಂಟು. ಬಡಿಸುವವನ ಸೌಟು ಇಬ್ಬರಿಗೂ ಒಂದೇ. ಒಬ್ಬನ ತಟ್ಟೆಯಲ್ಲಿ ಸಾರು ಕಡಿಮೆಯಾದರೆ ಮಗ್ಗುಲಿನವನು ಬಡಿಸುವವನನ್ನು ಕೂಗಿ ಕರೆಯುತ್ತಾನೆ. ಆ ಕ್ಷಣದಲ್ಲಿ ಬೆಳಗಿನ ಜಗಳ ಅವನಿಗೆ ನೆನಪಿರುವುದಿಲ್ಲ. ಆ ಪಂಕ್ತಿಯಿಂದ ಎದ್ದು ಹೋಗಿ ನಾಡಿನ ನಾನಾ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳು ಪಕ್ಕದ ಮೇಜಿನವರಿಗಾಗಿ ಅಷ್ಟು ಕೂಗುವುದನ್ನು ಉಳಿಸಿಕೊಂಡರೆ, ಅವರನ್ನು ಉಣಿಸಿದ ಅನ್ನ ಸಾರ್ಥಕವಾಗುತ್ತದೆ.